ಬರಿಗಾಲಿನ ಅಹ್ಮದ್ ಖಾನ್: ನಮ್ಮ ಮಕ್ಕಳಿಗೆ ಗೊತ್ತಿಲ್ಲದ ನಮ್ಮ ಇತಿಹಾಸ

ಕಳೆದ ತಿಂಗಳು ಒಂದು ನಿಕಾಹ್‌ಗೆಂದು ತಿಕೋಟಾಕ್ಕೆ ಹೋಗಿದ್ದೆ. ಅಸ್ರ್ ನಮಾಝ್ ಮುಗಿಸಿ ಮಸೀದಿಯ ಹೊರಗೆ ಬಂದಾಗ ಹತ್ತಿರದ ಖುಲ್ಲಾ ಜಾಗದಲ್ಲಿ ಹದಿನೈದಿಪ್ಪತ್ತು ಹುಡುಗರು ಫುಟ್‌ಬಾಲ್ ಆಡುತ್ತಿದ್ದರು. ಎರಡೆರಡು ಕಲ್ಲು ಇಟ್ಟದ್ದೇ ಗೋಲು. ಅವರಲ್ಲಿ ಒಬ್ಬನ ಅಂಗಿಯ ಬೆನ್ನ ಮೇಲೆ ಬೆಂಝೆಮಾ ಎಂದು ಬರೆದಿತ್ತು. ಕರೆದು, "ಇವನು ಯಾರಪ್ಪ?" ಎಂದು ಕೇಳಿದೆ. ಹುಡುಗ ಒಂದೇ ಉಸಿರಿನಲ್ಲಿ ಹೇಳಿದ. ಕರೀಂ ಬೆಂಝೆಮಾ ಫ್ರಾನ್ಸಿನ ಆಟಗಾರ, ಹುಟ್ಟಿದ್ದು ಲಿಯಾನ್‌ನಲ್ಲಿ, ಮೂಲ ಅಲ್ಜೀರಿಯಾ. ಮೊದಲು ಆಡಿದ್ದು ಬ್ರಾನ್ ಎಂಬ ಊರಿನ ಸಣ್ಣ ಕ್ಲಬ್ಬಿನಲ್ಲಿ. ಒಂಬತ್ತನೇ ವಯಸ್ಸಿಗೆ ಲಿಯಾನ್ ಕ್ಲಬ್ಬಿನ ಮಕ್ಕಳ ತಂಡ, ಹದಿನೇಳನೇ ವಯಸ್ಸಿಗೆ ದೊಡ್ಡವರ ತಂಡ, 2009ರಲ್ಲಿ ರಿಯಲ್ ಮ್ಯಾಡ್ರಿಡ್.

ನನಗೆ ಸಂತೋಷವಾಯಿತು. ಏಳು ಸಮುದ್ರದಾಚೆಯ ಒಬ್ಬ ಆಟಗಾರನ ಬಾಲ್ಯವನ್ನು ತಿಕೋಟಾದ ಹುಡುಗ ಇಷ್ಟು ತಿಳಿದುಕೊಂಡಿದ್ದಾನೆಂದರೆ ಕಲಿಯುವ ಬುದ್ಧಿ ಇದೆ ಎಂದೇ ಅರ್ಥ. ಆಮೇಲೆ ನಾನು ಕೇಳಿದೆ: "ಇದೇ ಫ್ರಾನ್ಸ್ ತಂಡದ ಎದುರು ಒಲಿಂಪಿಕ್ಸ್‌ನಲ್ಲಿ ಆಡಿದ ಬೆಂಗಳೂರಿನ ಅಹ್ಮದ್ ಖಾನ್ ಯಾರು ಗೊತ್ತೇ?" ಯಾರೂ ಬಾಯಿ ಬಿಡಲಿಲ್ಲ. ಸುತ್ತ ನಿಂತಿದ್ದ ಹಿರಿಯರೂ ಸುಮ್ಮನಿದ್ದರು.

ಅವರನ್ನು ದೂರುವ ಹಕ್ಕು ನನಗಿಲ್ಲ. ನನಗೂ ಆ ಹೆಸರು ತಿಳಿದದ್ದು 2017ರ ಆಗಸ್ಟ್ ಕೊನೆಯಲ್ಲಿ, ಪತ್ರಿಕೆಯ ಒಳಪುಟದಲ್ಲಿ ಅವರ ನಿಧನದ ಸುದ್ದಿ ಓದಿದಾಗ. ಮದ್ರಸಾದಲ್ಲಿ ಇಸ್ಲಾಮಿನ ಇತಿಹಾಸ ಓದಿದೆ, ಬಿ.ಎ.ಯಲ್ಲಿ ಭಾರತದ ಇತಿಹಾಸ ಓದಿದೆ. ಎರಡರಲ್ಲಿಯೂ ಅಹ್ಮದ್ ಖಾನ್ ಸಿಗಲಿಲ್ಲ. ಆದ್ದರಿಂದ ಈ ಲೇಖನವನ್ನು ಆ ಹುಡುಗರಿಗಾಗಿ ಎಷ್ಟೋ ಅಷ್ಟೇ ನನಗಾಗಿಯೂ ಬರೆಯುತ್ತಿದ್ದೇನೆ.

ದಂಡಿನ ಊರು, ದಂಡಿನ ಆಟ

ಫುಟ್‌ಬಾಲ್ ನಮ್ಮ ನಾಡಿಗೆ ಬಂದದ್ದು ಬ್ರಿಟಿಷ್ ಸೈನಿಕರ ಜೊತೆ. ಬೆಂಗಳೂರಿನಲ್ಲಿ ಆಗ ಎರಡು ಊರುಗಳಿದ್ದವು. ಒಂದು ಮೈಸೂರು ಮಹಾರಾಜರ ಪೇಟೆ. ಇನ್ನೊಂದು ಬ್ರಿಟಿಷರ ಆಡಳಿತದಲ್ಲಿದ್ದ ದಂಡು ಪ್ರದೇಶ. ಈ ದಂಡು ಪ್ರದೇಶ ಮೈಸೂರು ಸಂಸ್ಥಾನಕ್ಕೆ ಮರಳಿದ್ದು 1947ರ ಜುಲೈನಲ್ಲಿ, ಸ್ವಾತಂತ್ರ್ಯಕ್ಕೆ ಕೆಲವೇ ದಿನ ಮೊದಲು. ಸಂಜೆ ಹೊತ್ತು ಸೈನಿಕರು ಬೂಟು ಹಾಕಿಕೊಂಡು ಆಡುತ್ತಿದ್ದರು. ದಂಡಿನ ಸುತ್ತಲಿನ ಕೇರಿಗಳ ಮಕ್ಕಳು ಮೈದಾನದ ಅಂಚಿನಲ್ಲಿ ನಿಂತು ನೋಡಿ ಕಲಿತರು. ಅವರ ಬಳಿ ಬೂಟು ಇರಲಿಲ್ಲ. ಬರಿಗಾಲಲ್ಲೇ ಆಡಿದರು. ತಮಿಳು ಮಾತನಾಡುವ ದಲಿತ ಹಾಗೂ ಕ್ರೈಸ್ತ ಕುಟುಂಬಗಳ ಮಕ್ಕಳು, ಉರ್ದು ಮಾತನಾಡುವ ನಮ್ಮ ಮಕ್ಕಳು, ಎಲ್ಲರೂ ಆ ಮೈದಾನಗಳಲ್ಲಿ ಬೆಳೆದವರೇ.

ಬರಿಗಾಲ ಆಟವೆಂದರೆ ಬಡತನದ ಗುರುತು ಮಾತ್ರ ಎಂದು ತಿಳಿಯಬಾರದು. ಒಣನೆಲದಲ್ಲಿ ಬರಿಗಾಲಿಗೆ ಚೆಂಡಿನ ಸ್ಪರ್ಶ ಚೆನ್ನಾಗಿ ಸಿಗುತ್ತದೆ. ಹೆಬ್ಬೆರಳಿನಿಂದ, ಅಂಗಾಲಿನಿಂದ ಚೆಂಡನ್ನು ಎಳೆದು ತಿರುಗಿಸಬಹುದು. ಬೂಟಿನ ಭಾರವಿಲ್ಲದ ಕಾಲು ಚುರುಕಾಗಿ ಹೊರಳುತ್ತದೆ. ಆದರೆ ಮಳೆ ಬಂದು ನೆಲ ಕೆಸರಾದರೆ ಬರಿಗಾಲು ಜಾರುತ್ತದೆ. ಬೂಟಿನ ಕೆಳಗಿನ ಮೊಳೆಗಳು ಮಾತ್ರ ಕೆಸರಿನಲ್ಲಿ ಹಿಡಿತ ಕೊಡುತ್ತವೆ. ಒಂದು ಕಾಲದ ಭಾರತೀಯ ಫುಟ್‌ಬಾಲಿನ ಗೆಲುವು ಸೋಲುಗಳ ಬಹುಪಾಲು ಈ ಒಂದು ಮಾತಿನಲ್ಲಿ ಅಡಗಿದೆ.

ಬೆಂಗಳೂರು ಮುಸ್ಲಿಮ್ಸ್

ಈ ಕೇರಿಗಳಿಂದ ಎದ್ದ ತಂಡಗಳಲ್ಲಿ ಒಂದರ ಹೆಸರು ಬೆಂಗಳೂರು ಮುಸ್ಲಿಮ್ಸ್. ಆ ಕಾಲದಲ್ಲಿ ಬೊಂಬಾಯಿಯ ರೋವರ್ಸ್ ಕಪ್ ದೇಶದ ದೊಡ್ಡ ಪಂದ್ಯಾವಳಿಗಳಲ್ಲಿ ಒಂದು. 1891ರಲ್ಲಿ ಆರಂಭವಾದಂದಿನಿಂದ ಅದನ್ನು ಗೆದ್ದವರೆಲ್ಲ ಬ್ರಿಟಿಷ್ ಸೈನ್ಯದ ತಂಡಗಳೇ. 1937ರಲ್ಲಿ ಆ ಸಾಲು ಮುರಿಯಿತು. ಬೆಂಗಳೂರು ಮುಸ್ಲಿಮ್ಸ್ ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡವಾಯಿತು. ಫೈನಲ್‌ನಲ್ಲಿ ಅವರು ಸೋಲಿಸಿದ್ದು ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನು. ಅದೇನು ಸಾಮಾನ್ಯ ತಂಡವಲ್ಲ. 1934ರಿಂದ 1938ರವರೆಗೆ ಐದು ವರ್ಷ ಸತತವಾಗಿ ಕಲ್ಕತ್ತಾ ಲೀಗ್ ಗೆದ್ದ ತಂಡ. 1938ರಲ್ಲಿ ಬೆಂಗಳೂರಿನವರು ಮತ್ತೊಮ್ಮೆ ರೋವರ್ಸ್ ಕಪ್ ಗೆದ್ದರು.

ಇಲ್ಲಿ ನಮ್ಮ ಜಿಲ್ಲೆಯ ಓದುಗರು ಒಂದು ವಿಷಯ ನೆನಪಿಡಬೇಕು. ಆಗ ಬಿಜಾಪುರ ಜಿಲ್ಲೆ ಇದ್ದದ್ದು ಬೊಂಬಾಯಿ ಪ್ರಾಂತ್ಯದಲ್ಲಿ. ನಮ್ಮ ಅಜ್ಜಂದಿರಿಗೆ ರಾಜಧಾನಿಯೆಂದರೆ ಬೊಂಬಾಯಿ. ಬೆಂಗಳೂರು ಬೇರೆ ಸಂಸ್ಥಾನದ ಊರು. ಅಂದರೆ ಕನ್ನಡನಾಡಿನ ಒಂದು ತುದಿಯ ಹುಡುಗರು ಬಂದು ಇನ್ನೊಂದು ತುದಿಯವರ ರಾಜಧಾನಿಯಲ್ಲಿ ಕಪ್ ಎತ್ತಿದರು. 1956ರಲ್ಲಿ ನಾವೆಲ್ಲ ಒಂದೇ ರಾಜ್ಯದವರಾದೆವು. ಆದರೂ ಆ ಗೆಲುವಿನ ನೆನಪು ನಮ್ಮ ಕಡೆಗೆ ಬರಲೇ ಇಲ್ಲ.

ಅಹ್ಮದ್ ಖಾನರ ಮೊದಲ ದಿನಗಳು

ಅಹ್ಮದ್ ಖಾನ್ ಹುಟ್ಟಿದ್ದು 1926ರ ಡಿಸೆಂಬರ್ 24ರಂದು, ಬೆಂಗಳೂರಿನಲ್ಲಿ. ಮನೆಯಲ್ಲಿಯೇ ಫುಟ್‌ಬಾಲ್ ಇತ್ತು. ಬೆಂಗಳೂರು ಮುಸ್ಲಿಮ್ಸ್ ರೋವರ್ಸ್ ಕಪ್ ಗೆದ್ದಾಗ ಅವರಿನ್ನೂ ಹತ್ತು ವರ್ಷದ ಆಸುಪಾಸಿನ ಹುಡುಗ. ಆ ವಯಸ್ಸಿನ ಹುಡುಗನ ಊರಿನ ತಂಡ ಗೋರಾ ಸಿಪಾಯಿಗಳ ಕಪ್ಪನ್ನು ಗೆದ್ದು ತಂದರೆ ಅವನ ಕಾಲು ಸುಮ್ಮನಿರುತ್ತದೆಯೇ?

ಅವರು ಮೊದಲು ಆಡಿದ್ದು ಬೆಂಗಳೂರು ಕ್ರೆಸೆಂಟ್ ಎಂಬ ಕ್ಲಬ್ಬಿಗೆ. ಆಮೇಲೆ ಬೆಂಗಳೂರು ಮುಸ್ಲಿಮ್ಸ್ ಸೇರಿದರು. ಮೈಸೂರು ತಂಡದ ಪರವಾಗಿಯೂ ಆಡಿದರು. ಆಗ ಮೈಸೂರು ಫುಟ್‌ಬಾಲಿನಲ್ಲಿ ಸಣ್ಣ ಹೆಸರಲ್ಲ. ಬಂಗಾಳದವರೇ ಆಳುತ್ತಿದ್ದ ಸಂತೋಷ್ ಟ್ರೋಫಿಯನ್ನು 1946ರಲ್ಲಿ ಮೈಸೂರು ಗೆದ್ದುಕೊಂಡಿತು. ಮತ್ತೆ 1952ರಲ್ಲಿಯೂ ಗೆದ್ದಿತು.

ಅಹ್ಮದ್ ಖಾನ್ ಆಡುತ್ತಿದ್ದ ಜಾಗಕ್ಕೆ ಇನ್‌ಸೈಡ್ ಲೆಫ್ಟ್ ಎನ್ನುತ್ತಿದ್ದರು. ಆ ಕಾಲದಲ್ಲಿ ಮುಂದಿನ ಸಾಲಿನಲ್ಲಿ ಐವರು ಇರುತ್ತಿದ್ದರು: ಎರಡು ಬದಿಗೆ ಇಬ್ಬರು, ನಡುವೆ ಒಬ್ಬ, ಅವನ ಎಡಬಲಕ್ಕೆ ಇಬ್ಬರು. ಎಡಗಡೆಯ ಒಳಗಿನ ಆಟಗಾರನ ಕೆಲಸ ಕಷ್ಟದ್ದು. ಹಿಂದೆ ಬಂದು ಚೆಂಡನ್ನು ತೆಗೆದುಕೊಳ್ಳಬೇಕು, ಎದುರಾಳಿಗಳ ನಡುವಿನಿಂದ ಸಾಗಿಸಬೇಕು, ಕೊನೆಗೆ ಗೋಲು ಹೊಡೆಯಬೇಕು ಇಲ್ಲವೇ ಹೊಡೆಯುವವನಿಗೆ ಕೊಡಬೇಕು. ಚೆಂಡು ಅವರ ಬರಿಗಾಲಿಗೆ ಅಂಟಿಕೊಂಡಂತೆ ಸಾಗುತ್ತಿದ್ದುದರಿಂದ ಜನ ಅವರನ್ನು ಹಾವಾಡಿಗ ಎಂದು ಕರೆದರು. ಪುಂಗಿಯ ಹಿಂದೆ ಹಾವು ತೂಗುವಂತೆ ಅವರ ಕಾಲಿನ ಹಿಂದೆ ಎದುರಾಳಿ ತೂಗುತ್ತಿದ್ದ ಎಂದು ಅದರ ಅರ್ಥ.

ರಮಝಾನಿನ ಕೊನೆಯ ಹತ್ತರಲ್ಲಿ ಒಂದು ಪಂದ್ಯ

1948ರಲ್ಲಿ ಲಂಡನ್ ಒಲಿಂಪಿಕ್ಸ್ ನಡೆಯಿತು. ದೇಶ ಸ್ವತಂತ್ರವಾಗಿ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ವಿಭಜನೆಯ ಗಾಯ ಹಸಿಯಾಗಿತ್ತು. ಗಾಂಧೀಜಿ ಹತ್ಯೆಯಾಗಿ ಆರೇ ತಿಂಗಳಾಗಿತ್ತು. ಆ ವರ್ಷ ಲಂಡನ್‌ಗೆ ಹೋದ ಭಾರತದ ಫುಟ್‌ಬಾಲ್ ತಂಡವನ್ನು ನೋಡಿ. ನಾಯಕ ನಾಗಾ ಬೆಟ್ಟಗಳಿಂದ ಬಂದ ಕ್ರೈಸ್ತ, ವೈದ್ಯಕೀಯ ಓದಿದ ತಾಲಿಮೆರೆನ್ ಆವೊ. ಬಂಗಾಳದ ಶೈಲೇನ್ ಮನ್ನಾ ಇದ್ದರು. ನಮ್ಮ ಮೈಸೂರು ಸೀಮೆಯಿಂದ ಗೋಲ್‌ಕೀಪರ್ ವರದರಾಜ್, ಸಾರಂಗಪಾಣಿ ರಾಮನ್, ಧನರಾಜ್, ವಜ್ರವೇಲು, ಬಷೀರ್, ಮತ್ತು ಇಪ್ಪತ್ತೊಂದು ವರ್ಷದ ಅಹ್ಮದ್ ಖಾನ್. ಒಂದೇ ಊರಿನ ಮೈದಾನಗಳಲ್ಲಿ ಆಡಿ ಬೆಳೆದ ಇಷ್ಟು ಜನ ಒಂದೇ ಒಲಿಂಪಿಕ್ಸ್ ತಂಡದಲ್ಲಿ ಇದ್ದರು.

ಜುಲೈ 31ರಂದು ಲಂಡನ್ನಿನ ಹೊರಭಾಗದ ಇಲ್ಫರ್ಡ್‌ನಲ್ಲಿ ಭಾರತಕ್ಕೆ ಎದುರಾದದ್ದು ಫ್ರಾನ್ಸ್. ಸ್ವತಂತ್ರ ಭಾರತದ ಮೊದಲ ಅಂತರರಾಷ್ಟ್ರೀಯ ಫುಟ್‌ಬಾಲ್ ಪಂದ್ಯ ಅದು. ಭಾರತದ ಹನ್ನೊಂದು ಆಟಗಾರರಲ್ಲಿ ಎಂಟು ಮಂದಿ ಬರಿಗಾಲಲ್ಲಿ ಮೈದಾನಕ್ಕಿಳಿದರು. ಫ್ರೆಂಚರು ಬೂಟು ಹಾಕಿದ್ದರು. ಮೊದಲಾರ್ಧದಲ್ಲಿ ಫ್ರಾನ್ಸಿನ ಕೂರ್ಬಾಂ ಗೋಲು ಹೊಡೆದರು. ಭಾರತಕ್ಕೆ ಎರಡು ಪೆನಾಲ್ಟಿ ಸಿಕ್ಕವು, ಎರಡೂ ಗೋಲಾಗಲಿಲ್ಲ. ಆಮೇಲೆ 70ನೇ ನಿಮಿಷದಲ್ಲಿ ನಮ್ಮ ರಾಮನ್ ಗೋಲು ಹೊಡೆದು ಸಮ ಮಾಡಿದರು. ಸ್ವತಂತ್ರ ಭಾರತದ ಮೊದಲ ಅಂತರರಾಷ್ಟ್ರೀಯ ಗೋಲು ಬೆಂಗಳೂರಿನ ಕಾಲಿನಿಂದ ಬಂತು. ಪಂದ್ಯ ಮುಗಿಯಲು ಇನ್ನೊಂದೇ ನಿಮಿಷ ಇದೆ ಎನ್ನುವಾಗ ಪೆರ್ಸಿಯೋಂ ಎಂಬ ಫ್ರೆಂಚ್ ಆಟಗಾರ ಎರಡನೇ ಗೋಲು ಹೊಡೆದುಬಿಟ್ಟರು. 2-1ರಿಂದ ಭಾರತ ಸೋತಿತು. ಆದರೆ ನೋಡಿದ ಇಂಗ್ಲಿಷರು ಚಪ್ಪಾಳೆ ತಟ್ಟಿದ್ದು ಬರಿಗಾಲಿನವರಿಗೆ.

ದಿನದರ್ಶಿಕೆ ಲೆಕ್ಕ ಹಾಕಿ ನೋಡಿದಾಗ ನನಗೆ ಇನ್ನೊಂದು ವಿಷಯ ಹೊಳೆಯಿತು. 1948ರ ಜುಲೈ 31 ಎಂದರೆ ಹಿಜರಿ 1367ರ ರಮಝಾನಿನ ಕೊನೆಯ ಹತ್ತು ದಿನಗಳಲ್ಲಿ ಒಂದು. ಲಂಡನ್ನಿನಲ್ಲಿ ಆ ದಿನಗಳಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಹೊತ್ತಿಗೆ. ಮುಸಾಫಿರನಿಗೆ ರೋಝಾ ಮುಂದೂಡಿ ಬೇರೆ ದಿನಗಳಲ್ಲಿ ಪೂರ್ತಿ ಮಾಡುವ ರಿಯಾಯಿತಿಯನ್ನು ಅಲ್ಲಾಹನೇ ಕೊಟ್ಟಿದ್ದಾನೆ. ದೇಶದ ಅಂಗಿ ತೊಟ್ಟು ಸಮುದ್ರ ದಾಟಿ ಹೋದವರು ಮುಸಾಫಿರರಲ್ಲದೆ ಮತ್ತೇನು? ಆ ವರ್ಷ ನಮ್ಮೂರಿನ ಮಸೀದಿಗಳಲ್ಲಿ ಜನ ಲೈಲತುಲ್ ಕದ್ರ್ ಹುಡುಕುತ್ತಿದ್ದ ದಿನಗಳಲ್ಲಿ ನಮ್ಮ ನಾಡಿನ ಅಹ್ಮದ್ ಮತ್ತು ಬಷೀರ್, ರಾಮನ್ ಮತ್ತು ವರದರಾಜರ ಜೊತೆ ಹೆಗಲಿಗೆ ಹೆಗಲು ಕೊಟ್ಟು ನಿಂತಿದ್ದರು ಎಂದು ನೆನೆದರೆ ಮನಸ್ಸು ತುಂಬುತ್ತದೆ.

ಅದೇ 1948ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಮೂರನೇ ಬಾರಿ ರೋವರ್ಸ್ ಕಪ್ ಗೆದ್ದಿತು.

ಐವರು ಪಾಂಡವರಲ್ಲಿ ಇಬ್ಬರು

ಈಗ ಈ ಲೇಖನದ ಮುಖ್ಯ ಮಾತಿಗೆ ಬರುತ್ತೇನೆ. 1949ರಲ್ಲಿ ಅಹ್ಮದ್ ಖಾನ್ ಕಲ್ಕತ್ತೆಗೆ ಹೋದರು. ಅಂದಿನ ಫುಟ್‌ಬಾಲಿನ ರಾಜಧಾನಿ ಅದು. ಅಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್ ಇತ್ತು. ಹಿಂದಿನ ವರ್ಷವಷ್ಟೇ ಲೀಗ್ ಗೆದ್ದಿತ್ತು. ಕ್ರೆಸೆಂಟ್‌ನಿಂದ, ಮುಸ್ಲಿಮ್ಸ್‌ನಿಂದ ಬಂದ ಹುಡುಗ ಅಲ್ಲಿಗೇ ಹೋಗುತ್ತಾನೆ ಎಂದು ಯಾರಾದರೂ ಊಹಿಸಬಹುದಿತ್ತು. ಅಹ್ಮದ್ ಖಾನ್ ಸೇರಿದ್ದು ಈಸ್ಟ್ ಬೆಂಗಾಲ್ ಕ್ಲಬ್.

ಈಸ್ಟ್ ಬೆಂಗಾಲ್ ಎಂದರೆ ಯಾರು? 1920ರಲ್ಲಿ ಸ್ಥಾಪನೆಯಾದ, ಪೂರ್ವ ಬಂಗಾಳದಿಂದ ಬಂದವರ ಕ್ಲಬ್. 1947ರ ನಂತರ ಅದರ ಬೆಂಬಲಿಗರಲ್ಲಿ ಮನೆಮಠ ಕಳೆದುಕೊಂಡು ಗಡಿ ದಾಟಿ ಬಂದ ಹಿಂದೂ ನಿರಾಶ್ರಿತರು ಸಾವಿರಾರು. ಅವರ ನೋವಿಗೆ ಕಾರಣ ಮುಸ್ಲಿಮರೇ ಎಂದು ಹೇಳುವವರು ಸುತ್ತಲೂ ಇದ್ದರು. 1950ರ ಆರಂಭದಲ್ಲಂತೂ ಎರಡೂ ಬಂಗಾಳಗಳಲ್ಲಿ ಗಲಭೆಗಳಾದವು. ಅಂಥ ಕಾಲದಲ್ಲಿ ಆ ನಿರಾಶ್ರಿತರು ಸಂಜೆ ಮೈದಾನಕ್ಕೆ ಬಂದು, ಕೆಂಪು ಹಳದಿ ಅಂಗಿ ತೊಟ್ಟ ಅಹ್ಮದ್ ಎಂಬ ಹುಡುಗನ ಕಾಲಿಗೆ ಚೆಂಡು ಸಿಕ್ಕಿದಾಗ ಎದ್ದು ನಿಂತು ಕೂಗುತ್ತಿದ್ದರು.

ಆ ತಂಡದ ಮುಂದಿನ ಸಾಲಿನ ಐವರು ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್ ಮತ್ತು ಸಾಲೇಹ್. ಒಬ್ಬರೂ ಬಂಗಾಳಿಗಳಲ್ಲ, ಎಲ್ಲರೂ ದಕ್ಷಿಣದವರು. ಧನರಾಜ್ ಬೆಂಗಳೂರಿನಿಂದ ಹೋದವರು, ಸಾಲೇಹ್ ಕೇರಳದವರು. ಕಲ್ಕತ್ತೆಯ ಜನ ಈ ಐವರಿಗೆ ಪಂಚಪಾಂಡವರು ಎಂದು ಹೆಸರಿಟ್ಟರು. ಯೋಚಿಸಿ ನೋಡಿ: ನಿರಾಶ್ರಿತ ಹಿಂದೂಗಳು ಪ್ರೀತಿಯಿಂದ ಪಾಂಡವರೆಂದು ಕರೆದ ಐವರಲ್ಲಿ ಇಬ್ಬರು ಮುಸ್ಲಿಮರು. 1949ರಲ್ಲಿ ಈ ತಂಡ ಕಲ್ಕತ್ತಾ ಲೀಗ್, ಐಎಫ್‌ಎ ಶೀಲ್ಡ್, ರೋವರ್ಸ್ ಕಪ್ ಮೂರನ್ನೂ ಒಂದೇ ವರ್ಷ ಗೆದ್ದಿತು. ಶೀಲ್ಡ್ ಅನ್ನು 1949, 1950, 1951 ಹೀಗೆ ಸಾಲಾಗಿ ಮೂರು ವರ್ಷ ಗೆದ್ದಿತು. 1951 ಮತ್ತು 1952ರಲ್ಲಿ ಡ್ಯೂರಾಂಡ್ ಕಪ್ ಕೂಡ. ಉಳಿದವರು ಒಬ್ಬೊಬ್ಬರಾಗಿ ಹೋದರೂ ಅಹ್ಮದ್ ಖಾನ್ ಸುಮಾರು ಹತ್ತು ವರ್ಷ ಆ ಕ್ಲಬ್ಬಿನಲ್ಲಿಯೇ ಆಡಿದರು.

ಕೆಲವರು ಕೇಳಬಹುದು: ಹಾಗಾದರೆ ಬೆಂಗಳೂರು ಮುಸ್ಲಿಮ್ಸ್ ಎಂಬ ಹೆಸರಿನ ತಂಡ ಕಟ್ಟಿದ್ದೇ ತಪ್ಪಾಯಿತೇ? ನನಗೆ ಹಾಗೆ ಅನಿಸುವುದಿಲ್ಲ. ಬಡ ಕೇರಿಯ ಮಕ್ಕಳಿಗೆ ಚೆಂಡು, ಅಂಗಿ, ಬೊಂಬಾಯಿಗೆ ರೈಲಿನ ಖರ್ಚು ಯಾರಾದರೂ ಕೊಡಬೇಕಿತ್ತು. ಸಮುದಾಯ ಕೊಟ್ಟಿತು. ಆ ತಂಡ ಹುಡುಗನನ್ನು ತನ್ನೊಳಗೇ ಕಟ್ಟಿಹಾಕಿದ್ದರೆ ತಪ್ಪಾಗುತ್ತಿತ್ತು. ಅದು ಅವನನ್ನು ಬೆಳೆಸಿ ಮೈಸೂರಿಗೆ ಕೊಟ್ಟಿತು, ಮೈಸೂರು ದೇಶಕ್ಕೆ ಕೊಟ್ಟಿತು, ಕೊನೆಗೆ ಅವನು ಬೇರೆ ಜನರ ಕ್ಲಬ್ಬಿಗೆ ಹೋಗಿ ಅವರ ಮನೆಮಗನಾದ. ಸಮುದಾಯದ ಸಂಸ್ಥೆ ಮನೆಯ ಹೊಸ್ತಿಲಿನ ಹಾಗೆ ಇರಬೇಕು. ಹೊಸ್ತಿಲು ಇರುವುದು ದಾಟಲಿಕ್ಕೆ.

ಹೆಲ್ಸಿಂಕಿಯ ಒಂದು ಗೋಲು

1951ರ ಮಾರ್ಚ್‌ನಲ್ಲಿ ದಿಲ್ಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ಇರಾನನ್ನು 1-0ರಿಂದ ಸೋಲಿಸಿ ಚಿನ್ನ ಗೆದ್ದಿತು. ಅಹ್ಮದ್ ಖಾನ್ ಆ ತಂಡದಲ್ಲಿದ್ದರು. ತಂಡವನ್ನು ತರಬೇತುಗೊಳಿಸಿದ್ದು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ, ವೃತ್ತಿಯಿಂದ ಶಾಲಾ ಮಾಸ್ತರರು. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್. ಚಳಿಯ ನಾಡು. ನಮ್ಮವರಲ್ಲಿ ಹಲವರು ಅಲ್ಲಿಯೂ ಬರಿಗಾಲಿನವರು. ಯುಗೊಸ್ಲಾವಿಯಾ 10-1ರಿಂದ ಸೋಲಿಸಿತು. ಒಂಬತ್ತು ಗೋಲಿಗೂ ಹೆಚ್ಚು ಹಿಂದೆ ಬಿದ್ದಾಗ, ಪಂದ್ಯದ 89ನೇ ನಿಮಿಷದಲ್ಲಿ ಭಾರತದ ಆ ಒಂದೇ ಗೋಲು ಬಂತು. ಹೊಡೆದವರು ಅಹ್ಮದ್ ಖಾನ್. ಸೋಲು ಖಚಿತವಾದ ಮೇಲೂ ಕೊನೆಯ ನಿಮಿಷದವರೆಗೆ ಓಡುವುದು ಏನೆಂದು ಹುಡುಗರಿಗೆ ವಿವರಿಸಬೇಕಾದಾಗ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ. ಆ ಸೋಲಿನ ನಂತರ ನಮ್ಮ ಆಟಗಾರರಿಗೆ ಬೂಟು ಕಡ್ಡಾಯವಾಯಿತು. ಬರಿಗಾಲಿನ ಯುಗ ಮುಗಿಯಿತು.

ಕಾಸಾಬ್ಲಾಂಕಾದಲ್ಲೊಬ್ಬ ಜೊತೆಗಾರ

ಬೆಂಝೆಮಾನ ಹುಡುಗನಿಗೆ ಇನ್ನೊಂದು ಹೆಸರು ಹೇಳಿ ಬಂದೆ. ಬೆಂಝೆಮಾಗೆ ಅರವತ್ತೆಂಟು ವರ್ಷ ಮೊದಲೇ ಫ್ರಾನ್ಸಿನ ಮುಂದಿನ ಸಾಲಿನಲ್ಲಿ ಒಬ್ಬ ಮುಸ್ಲಿಂ ಆಡಿದ್ದರು. ಅವರು ಮೊರೊಕ್ಕೊದ ಕಾಸಾಬ್ಲಾಂಕಾದ ಲಾರ್ಬಿ ಬೆನ್ ಬಾರೆಕ್. ಊರಿನ ಐಡಿಯಲ್ ಕ್ಲಬ್, ಆಮೇಲೆ ಯೂನಿಯನ್ ಸ್ಪೋರ್ಟಿವ್ ಮರೋಕೇನ್, ಅಲ್ಲಿಂದ 1938ರಲ್ಲಿ ಮಾರ್ಸೇಯ್. ಅದೇ ವರ್ಷ ಡಿಸೆಂಬರ್‌ನಲ್ಲಿ ಫ್ರಾನ್ಸ್ ತಂಡ. ಅಹ್ಮದ್ ಖಾನ್ ಫ್ರಾನ್ಸ್ ಎದುರು ಆಡಿದ 1948ರಲ್ಲಿಯೇ ಬೆನ್ ಬಾರೆಕ್ ಅಟ್ಲೆಟಿಕೊ ಮ್ಯಾಡ್ರಿಡ್ ಸೇರಿದರು. 1954ರವರೆಗೂ ಫ್ರಾನ್ಸ್‌ಗೆ ಆಡಿದರು. ಕರಿಮುತ್ತು ಎಂದು ಅವರನ್ನು ಕರೆಯುತ್ತಿದ್ದರು. ಆದರೆ 1992ರಲ್ಲಿ ಕಾಸಾಬ್ಲಾಂಕಾದ ತಮ್ಮ ಮನೆಯಲ್ಲಿ ಒಂಟಿಯಾಗಿ ತೀರಿಕೊಂಡರು. ತೀರಿಕೊಂಡ ವಿಷಯ ಲೋಕಕ್ಕೆ ತಿಳಿಯಲು ದಿನಗಳೇ ಹಿಡಿದವು. ಮರೆವು ಎಲ್ಲ ಊರಿನಲ್ಲೂ ಒಂದೇ ರೀತಿ ಕೆಲಸ ಮಾಡುತ್ತದೆ.

ಒಂದು ತಪ್ಪೊಪ್ಪಿಗೆ

ಸಹೋದರರೇ, ಈ ಇತಿಹಾಸವನ್ನು ಬರೆಯಲು ನನಗೊಂದು ಸ್ವಂತ ಕಾರಣವೂ ಇದೆ. ಏಳೆಂಟು ವರ್ಷಗಳ ಹಿಂದೆ ಬಬಲೇಶ್ವರ ಕಡೆಯ ಒಬ್ಬ ಹುಡುಗ ವಿಜಯಪುರದಲ್ಲಿ ಸಂಬಂಧಿಕರ ಮನೆಯಲ್ಲಿದ್ದು ನನ್ನಲ್ಲಿ ಓದಲು ಬರುತ್ತಿದ್ದ. ಸಂಜೆ ಪಾಠಕ್ಕೆ ತಡವಾಗಿ ಬರುತ್ತಿದ್ದ, ಕಾಲ ತುಂಬ ಧೂಳು. ಫುಟ್‌ಬಾಲ್. ನಾನು ಎರಡು ಸಲ ಗದರಿಸಿದೆ. ಮೂರನೇ ಸಲ ತಂದೆಯನ್ನು ಕರೆಸಿ, ಈ ಆಟ ನಿಮ್ಮ ಮಗನನ್ನು ಹಾಳು ಮಾಡುತ್ತದೆ ಎಂದೆ. ತಂದೆ ದ್ರಾಕ್ಷಿ ತೋಟದಲ್ಲಿ ಕೂಲಿ ಮಾಡುವವರು, ಮೌಲಾನಾ ಹೇಳಿದ್ದೇ ಕೊನೆಯ ಮಾತು ಎಂದುಕೊಂಡರು. ಹುಡುಗನ ಆಟ ನಿಂತಿತು. ಕೆಲವು ತಿಂಗಳಲ್ಲಿ ಪಾಠವೂ ನಿಂತಿತು. ಈಗ ಅವನು ಸೊಲ್ಲಾಪುರದಲ್ಲಿ ಗ್ಯಾರೇಜ್ ಕೆಲಸ ಮಾಡುತ್ತಾನೆ. ದುಡಿದು ತಿನ್ನುವುದು ಹಲಾಲ್, ಅದರಲ್ಲಿ ಕೀಳಿಲ್ಲ. ಆದರೆ ಅವನ ಕಾಲಿನಲ್ಲಿ ಏನಿತ್ತೆಂದು ನಾನು ಒಂದು ದಿನವೂ ಮೈದಾನಕ್ಕೆ ಹೋಗಿ ನೋಡಲಿಲ್ಲ. ಪಾಠದ ಹೊತ್ತನ್ನು ಅರ್ಧ ಗಂಟೆ ಮುಂದಕ್ಕೆ ಹಾಕಿದ್ದರೆ ಸಾಕಿತ್ತು.

ಪ್ರವಾದಿ(ಸ)ರು ತಮ್ಮ ಪತ್ನಿ ಆಯಿಶಾ(ರ)ರ ಜೊತೆ ಓಟದ ಸ್ಪರ್ಧೆ ಮಾಡಿದರು, ಈದ್ ದಿನ ಮಸೀದಿಯ ಅಂಗಳದಲ್ಲಿ ಹಬ್ಶಿಗಳು ಈಟಿ ಆಟ ಆಡುವಾಗ ತಡೆಯಲಿಲ್ಲ ಎಂದು ನಾನೇ ಎಷ್ಟೋ ಜುಮಾಗಳಲ್ಲಿ ಹೇಳಿದ್ದೇನೆ. ಮಿಂಬರಿನ ಮೇಲೆ ಹೇಳಿದ್ದು ಮಿಂಬರಿನಿಂದ ಇಳಿದ ಮೇಲೆ ನನಗೇ ನೆನಪಿರಲಿಲ್ಲ.

ಆಟವಾಡಿದ ಎಲ್ಲರೂ ಅಹ್ಮದ್ ಖಾನ್ ಆಗುವುದಿಲ್ಲ ಎಂದು ತಂದೆತಾಯಿಗಳು ಹೇಳುತ್ತಾರೆ. ನಿಜ. ಅವರ ಚಿಂತೆಯಲ್ಲಿ ನ್ಯಾಯವಿದೆ. ಅಹ್ಮದ್ ಖಾನರ ಕಾಲದಲ್ಲಿ ಇಲ್ಲಿನ ಆಟಗಾರರೆಲ್ಲ ಹೆಸರಿಗೆ ಹವ್ಯಾಸಿಗಳು, ಬೆಂಝೆಮಾನಂತೆ ಕೋಟಿ ಎಣಿಸಿದವರಲ್ಲ. ಓದು ಬಿಡಿಸಿ ಆಟಕ್ಕೆ ಕಳಿಸಿ ಎಂದು ನಾನು ಹೇಳುತ್ತಿಲ್ಲ. ನಮಾಝಿನ ಹೊತ್ತಿಗೆ ನಮಾಝ್, ಓದಿನ ಹೊತ್ತಿಗೆ ಓದು. ಅಸ್ರ್‌ನಿಂದ ಮಗ್ರಿಬ್‌ವರೆಗಿನ ಹೊತ್ತು ಮಕ್ಕಳದು. ಆ ಹೊತ್ತಿನಲ್ಲಿ ಮೊಬೈಲ್ ಹಿಡಿದು ಗೋಡೆಗೆ ಒರಗಿ ಕೂತ ಹುಡುಗನಿಗಿಂತ ಧೂಳು ಮೆತ್ತಿಕೊಂಡ ಹುಡುಗ ಲೇಸು. ಅವನ ಪಕ್ಕದಲ್ಲಿ ಓಡುವ ಹುಡುಗ ಯಾವ ಕೇರಿಯವನು, ಯಾವ ಧರ್ಮದವನು ಎಂದು ಚೆಂಡು ಕೇಳುವುದಿಲ್ಲ. ಇವತ್ತಿನ ದಿನಗಳಲ್ಲಿ ನಮ್ಮ ಊರುಗಳಿಗೆ ಅದೊಂದು ಸಣ್ಣ ಲಾಭವಲ್ಲ.

ತಿಕೋಟಾದ ಹುಡುಗರಿಗೆ ಈ ಕಥೆಯನ್ನು ಮಸೀದಿಯ ಕಟ್ಟೆಯ ಮೇಲೆ ಕೂತು ಅರ್ಧ ಗಂಟೆ ಹೇಳಿದೆ. ಮುಗಿದ ಮೇಲೆ ಬೆಂಝೆಮಾ ಅಂಗಿಯ ಹುಡುಗ ಕೇಳಿದ ಮೊದಲ ಪ್ರಶ್ನೆ: "ಹಜ್ರತ್, ಅವರು ಬರಿಗಾಲಲ್ಲಿ ಆಡಿದರೆ ಕಲ್ಲು ಚುಚ್ಚುತ್ತಿರಲಿಲ್ಲವಾ?" ಚುಚ್ಚುತ್ತಿತ್ತು ಕಣಪ್ಪ ಎಂದೆ. ಅವನು ಎದ್ದು ಹೋಗಿ ತನ್ನ ಚಪ್ಪಲಿ ಬಿಟ್ಟು ಚೆಂಡನ್ನೊಮ್ಮೆ ಒದ್ದು ನೋಡಿದ.

ಅಹ್ಮದ್ ಖಾನ್ 2017ರ ಆಗಸ್ಟ್ 27ರಂದು ಬೆಂಗಳೂರಿನಲ್ಲಿ, ತೊಂಬತ್ತನೇ ವಯಸ್ಸಿನಲ್ಲಿ ತೀರಿಕೊಂಡರು. ಅಲ್ಲಾಹನು ಅವರಿಗೆ ಮಗ್ಫಿರತ್ ದಯಪಾಲಿಸಲಿ. ನಮ್ಮ ಮಕ್ಕಳ ಕೈಕಾಲುಗಳಲ್ಲಿ ಅವನು ಇಟ್ಟಿರುವ ಅಮಾನತನ್ನು ಸಮಯ ಮೀರುವ ಮೊದಲೇ ಗುರುತಿಸುವ ಕಣ್ಣನ್ನು ನಮಗೆ, ಮೊದಲು ನನಗೆ, ಕೊಡಲಿ. ಆಮೀನ್.